ಟೋನಿ ಕೂತಿದ್ದ ಜಾಗದ ಪಕ್ಕದ ಮೇಜು: ಹೋಲ್‌ಸ್ಟನ್ಸ್‌ನಲ್ಲಿ ಒಂದು ಮಧ್ಯಾಹ್ನ

ಮೊದಲೇ ಹೇಳಿಬಿಡುತ್ತೇನೆ. 'ದಿ ಸೊಪ್ರಾನೋಸ್' ಅನ್ನುವ ಅಮೆರಿಕದ ಮಾಫಿಯಾ ಟಿವಿ ಸೀರಿಯಲ್ ಇನ್ನೂ ನೋಡಿಲ್ಲ, ಮುಂದೆ ನೋಡಬೇಕು ಅಂತ ಇರುವವರು ಇದನ್ನು ಪೂರ್ತಿ ಓದಬೇಡಿ. ಐಸ್‌ಕ್ರೀಮ್ ಚೆನ್ನಾಗಿದೆ, ಆನಿಯನ್ ರಿಂಗ್ಸ್ ಚೆನ್ನಾಗಿದೆ, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಬಹುದು. ಇಷ್ಟು ತಿಳಿದುಕೊಂಡು ಇಲ್ಲೇ ಎದ್ದುಬಿಡಿ.

ಹೋಲ್‌ಸ್ಟನ್ಸ್ ಇರುವುದು ನ್ಯೂಜೆರ್ಸಿಯ ಬ್ಲೂಮ್‌ಫೀಲ್ಡ್ ಊರಿನ ಬ್ರಾಡ್ ಸ್ಟ್ರೀಟ್‌ನಲ್ಲಿ. ಆ ಊರಿನವರಿಗೆ ಅದು 1939ರಿಂದ ಇರುವ ಐಸ್‌ಕ್ರೀಮ್ ಅಂಗಡಿ, ಚಾಕೊಲೇಟ್ ಅಂಗಡಿ, ಹಸಿವಾದರೆ ಬರ್ಗರು ಸ್ಯಾಂಡ್‌ವಿಚ್ಚು ಸಿಗುವ ಹೋಟೆಲು. ನಮ್ಮಂಥ ಹುಚ್ಚರಿಗೆ ಮಾತ್ರ ಅದು ಸೀರಿಯಲ್ಲಿನ ನಾಯಕ ಟೋನಿ ಸೊಪ್ರಾನೋ ಕೊನೆಯ ಸಲ ತಲೆ ಎತ್ತಿ ಬಾಗಿಲ ಕಡೆ ನೋಡಿದ ಜಾಗ. ಅಕ್ಕನ ಮನೆ ಅದೇ ರಾಜ್ಯದ ಎಡಿಸನ್‌ನಲ್ಲಿ. ರಜೆಗೆ ಅಂತ ನಾನು ಅಲ್ಲಿಗೆ ಹೋಗಿದ್ದಾಗ ನ್ಯೂಯಾರ್ಕ್ ತೋರಿಸ್ತೀವಿ, ನಯಾಗರಾ ತೋರಿಸ್ತೀವಿ ಅಂತ ಅವರು ಪಟ್ಟಿ ಮಾಡಿಕೊಂಡು ಕೂತಿದ್ದರು. ನಾನು ಮಾತ್ರ ಮೊದಲು ಬ್ಲೂಮ್‌ಫೀಲ್ಡ್ ಅಂದೆ. ಭಾವನ ಮುಖ ಅರಳಿದ್ದು ನೋಡಬೇಕಿತ್ತು. ಅಕ್ಕ ಮಾತ್ರ, "ಏಳು ಸಮುದ್ರ ದಾಟಿ ಬಂದು ಈರುಳ್ಳಿ ತಿನ್ನೋಕೆ ಹೋಗ್ತೀರಾ?" ಅಂದಳು.

ಪಾರ್ಕಿಂಗ್ ಬಗ್ಗೆ ಒಂದು ಮಾತು. ರಸ್ತೆ ಬದಿಯಲ್ಲಿ ಎರಡು ಕಾರುಗಳ ನಡುವೆ ಹಿಂದಕ್ಕೆ ಹಿಂದಕ್ಕೆ ತಂದು ನಿಲ್ಲಿಸಬೇಕು. ಭಾವ ಇಪ್ಪತ್ತೈದು ವರ್ಷದಿಂದ ಆ ದೇಶದಲ್ಲಿ ಕಾರು ಓಡಿಸುತ್ತಿದ್ದಾರೆ, ಆದರೂ ಎರಡು ಸಲ ಚಕ್ರ ಫುಟ್‌ಪಾತಿಗೆ ತಾಗಿತು. ಹಿಂದಿನ ಸೀಟಿನಿಂದ ಅಕ್ಕನ ಮಗಳು ಪುಟ್ಟಿ, "ಅಪ್ಪ, ನೀವೂ ಮೆಡೋ ಥರಾನೇ" ಅಂದಳು. ಸೀರಿಯಲ್ ನೋಡಿದವರಿಗೆ ಇದು ಗೊತ್ತು. ಟೋನಿಯ ಮಗಳು ಮೆಡೋ ಕೊನೆಯ ದೃಶ್ಯದಲ್ಲಿ ಹೊರಗೆ ಕಾರು ನಿಲ್ಲಿಸೋಕೆ ಒದ್ದಾಡುತ್ತಲೇ ಇರುತ್ತಾಳೆ, ಒಳಗೆ ಅಪ್ಪ, ಅಮ್ಮ, ತಮ್ಮ ಕಾಯುತ್ತಿರುತ್ತಾರೆ, ನೋಡುವ ನಮ್ಮ ಹೊಟ್ಟೆಯಲ್ಲಿ ಏನೋ ಸಂಕಟ. ಒಂದು ಕಾರು ಪಾರ್ಕ್ ಮಾಡುವುದನ್ನು ತೋರಿಸಿ ಜನರ ಎದೆ ಬಡಿತ ಏರಿಸಿದ ಇನ್ನೊಬ್ಬ ನಿರ್ದೇಶಕ ನನಗಂತೂ ಗೊತ್ತಿಲ್ಲ.

ಒಳಗೆ ಹೋದರೆ ಮೊದಲು ಸಿಗುವುದು ಚಾಕೊಲೇಟ್ ಕೌಂಟರ್. ಅಂಗಡಿಯವರೇ ಮಾಡಿದ್ದು. ಆಮೇಲೆ ಕೌಂಟರಿನ ಮುಂದೆ ಸಾಲಾಗಿ ಸ್ಟೂಲುಗಳು, ಒಳಗಡೆ ಎದುರುಬದುರು ಬೆಂಚು ಹಾಕಿ ನಡುವೆ ಮೇಜಿಟ್ಟ ಗೂಡುಗಳು. ಇದಕ್ಕೆ ಬೂತ್ ಅಂತಾರೆ. ಟಿವಿಯಲ್ಲಿ ಪ್ರತಿ ಮೇಜಿನ ಮೇಲೂ ಪುಟ್ಟ ಜೂಕ್‌ಬಾಕ್ಸ್ ಇತ್ತಲ್ಲ, ಟೋನಿ ಹಾಡು ಆರಿಸುತ್ತಾನಲ್ಲ, ಅದನ್ನು ಹುಡುಕಬೇಡಿ. ಅದು ಶೂಟಿಂಗ್‌ಗೆ ಅಂತ ತಂದಿಟ್ಟಿದ್ದು.

ಟೋನಿ ಕೂತಿದ್ದ ಬೂತ್ ಕೂಡ ಈಗ ಇಲ್ಲ. ಹಳೆಯ ಬೆಂಚುಗಳು ಸವೆದು ಹೋಗಿದ್ದವು ಅಂತ 2024ರಲ್ಲಿ ಎಲ್ಲವನ್ನೂ ಬದಲಾಯಿಸಿದರು. ಆ ಒಂದು ಬೂತನ್ನು ಇಬೇಯಲ್ಲಿ ಹರಾಜಿಗಿಟ್ಟರು. ಕೂಗು ಶುರುವಾಗಿದ್ದು 3,000 ಡಾಲರ್‌ಗೆ, ನಿಂತಿದ್ದು 82,600 ಡಾಲರ್‌ಗೆ. ನಮ್ಮ ಲೆಕ್ಕದಲ್ಲಿ ಆಗ ಸುಮಾರು 68 ಲಕ್ಷ ರೂಪಾಯಿ. ಎರಡು ಬೆಂಚು, ಒಂದು ಮೇಜಿಗೆ! ಈಗ ಅದೇ ಜಾಗದಲ್ಲಿ ಹೊಸದು ಇದೆ. ನಾವು ಹೋದಾಗ ಅಲ್ಲಿ ಯಾರೋ ನಾಲ್ಕು ಜನ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವು ಪಕ್ಕದಲ್ಲೇ ಕೂತೆವು. ಬಾಗಿಲು ಕಾಣುವ ಕಡೆ ಕೂರೋಕೆ ನನಗೂ ಭಾವನಿಗೂ ಸಣ್ಣ ಜಗಳವೇ ಆಯಿತು. ವಯಸ್ಸಿಗೆ ಮರ್ಯಾದೆ ಕೊಟ್ಟು ನಾನೇ ಸೋತೆ.

ಆನಿಯನ್ ರಿಂಗ್ಸ್ ಬಂತು. ಗರಿಗರಿ, ಬಿಸಿಬಿಸಿ. ನಮ್ಮ ಈರುಳ್ಳಿ ಬಜ್ಜಿ ಜೊತೆ ಹೋಲಿಸಬೇಡಿ. ಖಾರದ ಪುಡಿ ಇಲ್ಲ, ಓಮ ಇಲ್ಲ, ಅದು ಬೇರೆಯೇ ಜಾತಿ. ಟೋನಿ ಇದನ್ನು ಇಡೀ ರಾಜ್ಯಕ್ಕೇ ಬೆಸ್ಟ್ ಅಂತಾನೆ. ನಾನು ನ್ಯೂಜೆರ್ಸಿಯಲ್ಲಿ ಬೇರೆಲ್ಲೂ ತಿಂದಿಲ್ಲ, ಆದ್ದರಿಂದ ಆಕ್ಷೇಪಣೆ ಇಲ್ಲ. ಆ ದೃಶ್ಯದಲ್ಲಿ ಮೂವರೂ ರಿಂಗನ್ನು ಕಚ್ಚುವುದಿಲ್ಲ, ಇಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಚರ್ಚಿನಲ್ಲಿ ಕೊಡುವ ಪ್ರಸಾದದ ಹಾಗೆ, ಅದು ಅವರ ಕಡೆಯ ಊಟ, ಅಂತ ಅರ್ಥ ಹೇಳುವವರಿದ್ದಾರೆ. ನಾನೂ ಹಾಗೇ ಒಂದನ್ನು ಇಡಿಯಾಗಿ ಹಾಕಿಕೊಂಡು ನಾಲಿಗೆ ಸುಟ್ಟುಕೊಂಡೆ.

ಸರಿ, ಈಗ ಅಸಲು ವಿಷಯ. ಟೋನಿ ಸತ್ತನಾ, ಬದುಕಿದನಾ?

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ನ್ಯೂಜೆರ್ಸಿಯ ಮಾಫಿಯಾ ಬಾಸ್ ಒಬ್ಬ, ತಲೆಸುತ್ತು ಬಂದು ಬೀಳುತ್ತಾನೆ ಅಂತ ಮನಸ್ಸಿನ ಡಾಕ್ಟರ್ ಹತ್ತಿರ ಹೋಗುತ್ತಾನೆ. ಎಚ್‌ಬಿಒದಲ್ಲಿ 1999ರ ಜನವರಿಯಿಂದ 2007ರ ಜೂನ್ 10ರವರೆಗೆ 86 ಕಂತು. ಕಡೆಯ ಕಂತು ಬರೆದು ನಿರ್ದೇಶಿಸಿದವರು ಇದನ್ನು ಹುಟ್ಟುಹಾಕಿದ ಡೇವಿಡ್ ಚೇಸ್. ಕೊನೆಯಲ್ಲಿ ಟೋನಿ ಈ ಹೋಟೆಲಿನಲ್ಲಿ ಕೂತಿರುತ್ತಾನೆ, ಬಾಗಿಲ ಗಂಟೆ ಟಿಣ್ ಅನ್ನುತ್ತದೆ, ಅವನು ತಲೆ ಎತ್ತುತ್ತಾನೆ, ಜರ್ನಿ ಬ್ಯಾಂಡಿನ ಹಳೇ ಹಾಡು 'ಡೋಂಟ್ ಸ್ಟಾಪ್' ಅನ್ನುವಲ್ಲಿಗೆ ಬಂದಿರುತ್ತದೆ, ಅಷ್ಟೇ. ಪರದೆ ಕಪ್ಪು. ಸದ್ದಿಲ್ಲ. ಹತ್ತು ಸೆಕೆಂಡಿನಷ್ಟು ಹಾಗೇ ಇದ್ದು ಆಮೇಲೆ ಹೆಸರುಗಳು ಬರುತ್ತವೆ.

ಆ ರಾತ್ರಿ ಸುಮಾರು 1 ಕೋಟಿ 19 ಲಕ್ಷ ಜನ ನೋಡುತ್ತಿದ್ದರು. ಅವರಲ್ಲಿ ಎಷ್ಟೋ ಜನ ಕೇಬಲ್ ಹೋಯಿತು ಅಂತಲೇ ಅಂದುಕೊಂಡರು. ನಮ್ಮ ಭಾವನೂ ಒಬ್ಬರು. ಟಿವಿ ತಲೆ ಮೇಲೆ ಒಂದು ಬಾರಿಸಿ, ಕೇಬಲ್ ಕಂಪನಿಗೆ ಫೋನ್ ಮಾಡೋಕೆ ಎದ್ದರಂತೆ. "ಇವರು ಕೂಗಿದ ಕೂಗಿಗೆ ಒಂದು ವರ್ಷದ ಮಗು ಎದ್ದುಬಿಡ್ತು, ಬೆಳಗಿನ ಜಾವದ ತನಕ ಮಲಗಲಿಲ್ಲ" ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ. ಆ ಮಗು ಎದುರಿಗೇ ಕೂತು ಮಿಲ್ಕ್‌ಶೇಕ್ ಹೀರುತ್ತಿತ್ತು. ನನ್ನ ಕಥೆ ಇನ್ನೂ ಸಪ್ಪೆ. ಲಾಕ್‌ಡೌನಿನಲ್ಲಿ ಮೈಸೂರಿನ ಮನೆಯಲ್ಲಿ ಕೂತು ನೋಡಿದೆ. ಕಪ್ಪಾದ ಕೂಡಲೇ "ಕರೆಂಟ್ ಹೋಯ್ತು" ಅಂದೆ. ಮೇಲೆ ನೋಡಿದರೆ ಫ್ಯಾನ್ ತಿರುಗುತ್ತಲೇ ಇತ್ತು.

ಭಾವನ ವಾದ: ಟೋನಿ ಬದುಕಿದ್ದಾನೆ. "ಟೋನಿ ಮೇಲೆ ಬಿದ್ದಿದ್ದ ನ್ಯೂಯಾರ್ಕಿನ ಬಾಸ್ ಫಿಲ್ ಸತ್ತ. ಅದೂ ಪೆಟ್ರೋಲ್ ಬಂಕಿನಲ್ಲಿ, ಹೆಂಡತಿ ಮೊಮ್ಮಕ್ಕಳ ಎದುರಿಗೆ. ಅವನ ಕಡೆಯವರೇ ಟೋನಿ ಜೊತೆ ರಾಜಿ ಮಾಡ್ಕೊಂಡಿದ್ದಾರೆ. ಇನ್ನು ಹೊಡೆಯೋರು ಯಾರೋ? ಕೌಂಟರಿನಲ್ಲಿ ಕೂತಿದ್ದ ಆ ಜಾಕೆಟ್‌ನೋನು ಬಾತ್‌ರೂಮಿಗೆ ಹೋದ, ಪಾಪ ಅವನಿಗೆ ಅರ್ಜೆಂಟ್ ಇತ್ತು ಕಣೋ. ಬಾತ್‌ರೂಮಿಗೆ ಹೋದವರೆಲ್ಲ ಕೊಲೆಗಾರರಾ?" ಇವರ ಪ್ರಕಾರ ಟೋನಿಗೆ ಕಾದಿರುವುದು ಜೈಲು. ಅವನ ಕಡೆಯವನೇ ಒಬ್ಬ ಸಾಕ್ಷಿ ಹೇಳೋಕೆ ಹೊರಟಿದ್ದಾನೆ, ಕೇಸು ಬೀಳೋದು ನೂರಕ್ಕೆ ಎಂಬತ್ತು ತೊಂಬತ್ತು ಗ್ಯಾರಂಟಿ ಅಂತ ಲಾಯರ್ರೇ ಹೇಳಿದ್ದಾನೆ.

ನನ್ನ ವಾದ: ಸತ್ತ. ಇದರಲ್ಲಿ ಅನುಮಾನವೇ ಇಲ್ಲ. ಆ ದೃಶ್ಯವನ್ನು ನಿಧಾನಕ್ಕೆ ನೋಡಿ. ಗಂಟೆ ಬಡಿಯುತ್ತದೆ, ಟೋನಿಯ ಮುಖ, ಆಮೇಲೆ ಅವನ ಕಣ್ಣಿಗೆ ಕಂಡಿದ್ದು. ಮತ್ತೆ ಗಂಟೆ, ಮುಖ, ಕಂಡಿದ್ದು. ಇದನ್ನೇ ಮತ್ತೆ ಮತ್ತೆ ಮಾಡಿ ನಮಗೆ ಅಭ್ಯಾಸ ಮಾಡಿಸಿಬಿಡುತ್ತಾರೆ. ಕೊನೆಯ ಸಲ ಗಂಟೆ, ಮುಖ, ಆಮೇಲೆ ಕಪ್ಪು. ಅಂದರೆ ಅವನ ಕಣ್ಣಿಗೆ ಕಂಡಿದ್ದೇ ಆ ಕಪ್ಪು. ಇನ್ನು ಆ ಜಾಕೆಟ್‌ನವನು. ಮಗ ಎಜೆಗಿಂತ ಒಂದು ಹೆಜ್ಜೆ ಮುಂದೆ ಒಳಗೆ ಬರುತ್ತಾನೆ, ಕೌಂಟರಿನಲ್ಲಿ ಕೂತು ಟೋನಿ ಕಡೆ ಕಣ್ಣು ಹಾಯಿಸುತ್ತಾನೆ, ಎದ್ದು ಬಾತ್‌ರೂಮಿಗೆ ಹೋಗುತ್ತಾನೆ. 'ಗಾಡ್‌ಫಾದರ್'ನಲ್ಲಿ ಮೈಕಲ್ ಪಿಸ್ತೂಲು ತರುವುದು ಎಲ್ಲಿಂದ? ಹೋಟೆಲಿನ ಬಾತ್‌ರೂಮಿನಿಂದ. ಟೋನಿಯ ಬಳಗ ದಿನ ಬೆಳಗಾದರೆ ಆ ಸಿನಿಮಾ ಜಪ ಮಾಡುತ್ತಿತ್ತು. ಇಷ್ಟು ಸಾಲದು ಅಂತ ದೋಣಿಯ ಮಾತು ಬೇರೆ. ಟೋನಿಯ ಅಕ್ಕನ ಗಂಡ ಬಾಬಿ ಕೆರೆಯ ನಡುವೆ ದೋಣಿಯಲ್ಲಿ ಕೂತು ಟೋನಿಗೆ ಹೇಳುತ್ತಾನಲ್ಲ, ಸಾವು ಬರುವಾಗ ಬಹುಶಃ ನಮಗೆ ಕೇಳಿಸುವುದೂ ಇಲ್ಲ ಅಂತ. ಕಡೆಯಿಂದ ಎರಡನೇ ಕಂತಿನಲ್ಲಿ ಟೋನಿಗೆ ಆ ಮಾತು ಮತ್ತೆ ನೆನಪಾಗುವ ಹಾಗೆ ತೋರಿಸುತ್ತಾರೆ. ಸುಮ್ನೆ ತೋರಿಸ್ತಾರಾ?

ಪುಟ್ಟಿ ಇಡೀ ಸೀರಿಯಲ್ ನೋಡಿಲ್ಲ. ಫೋನಿನಲ್ಲಿ ತುಣುಕು ತುಣುಕಾಗಿ ನೋಡಿದ್ದಾಳೆ. ಆದರೂ ಅವಳು ಹೇಳಿದ ಒಂದು ಮಾತಿಗೆ ನಾವಿಬ್ಬರೂ ಬಾಯಿ ಮುಚ್ಚಿದೆವು. "ಮಾಮ, ಅಮ್ಮ ಮಗ ಇಬ್ಬರೂ ಎದುರಿಗೆ ಕೂತಿದ್ದಾರೆ. ಮಗಳು ಬಂದಿದ್ರೆ ಅಪ್ಪನ ಪಕ್ಕ ಕೂರಬೇಕಿತ್ತು. ಬಾತ್‌ರೂಮಿಂದ ಬರೋನಿಗೂ ಟೋನಿಗೂ ನಡುವೆ ಅವಳಿರ್ತಿದ್ದಳು. ಪಾರ್ಕಿಂಗ್ ಬಂದಿದ್ರೆ ಅಪ್ಪ ಉಳೀತಿದ್ನೋ ಏನೋ." ಇದನ್ನು ಬೇರೆಯವರೂ ಹೇಳಿದ್ದಾರೆ ಅಂತ ಆಮೇಲೆ ಗೊತ್ತಾಯಿತು, ಅದು ಬೇರೆ ವಿಷಯ. ಆ ಬೆಂಚಿನಲ್ಲಿ ಕೂತು ಕೇಳಿದಾಗ ಮಾತ್ರ ಜುಂ ಅಂತು.

ಹಾಗಾದರೆ ಚೇಸ್ ಏನು ಹೇಳುತ್ತಾರೆ ಅಂತ ಕೇಳುತ್ತೀರಿ ಅಲ್ವಾ? ಅವರನ್ನು ನಂಬಿ ಕೂತರೆ ಕೆಟ್ಟೆವು. 2014ರಲ್ಲಿ ಟೋನಿ ಸತ್ತಿಲ್ಲ ಅಂದರು ಅಂತ ಸುದ್ದಿಯಾಯಿತು, ಭಾವನಿಗೆ ಹಬ್ಬ. ಅದರ ಬೆನ್ನಲ್ಲೇ, ಮಾತನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ ಅಂತ ಅವರ ಕಡೆಯಿಂದಲೇ ಹೇಳಿಕೆ ಬಂತು. ಆಮೇಲೆ ಇಬ್ಬರು ವಿಮರ್ಶಕರ ಜೊತೆ ಮಾತಾಡುತ್ತಾ ಬಾಯಿತಪ್ಪಿ 'ಸಾವಿನ ದೃಶ್ಯ' ಅಂದುಬಿಟ್ಟರು. ಈಗ ನನಗೆ ಹಬ್ಬ. 2021ರಲ್ಲಿ ಇನ್ನೂ ಸ್ವಲ್ಪ ಬಿಚ್ಚಿದರು: ಟೋನಿ ಮೀಟಿಂಗಿಗೆ ಅಂತ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಸಾಯುವುದು ಮೊದಲಿನ ಯೋಚನೆಯಾಗಿತ್ತಂತೆ, ಆಮೇಲೆ ಎಲ್ಲೋ ಒಂದು ಪುಟ್ಟ ಹೋಟೆಲ್ ನೋಡಿ ಇಂಥ ಕಡೆ ಆಗಬೇಕು ಅನ್ನಿಸಿತಂತೆ. ಇದನ್ನು ಹೇಳಿದಾಗ ಭಾವ, "ಅವರು ಬರೆದವರು ಅಷ್ಟೇ ಕಣೋ, ನೋಡಿದವರು ನಾವು" ಅಂದರು. ಇಂಥ ಮಾತಿಗೆ ಏನು ಉತ್ತರ ಕೊಡೋದು!

ಆದರೆ ಅಲ್ಲೇ ನನಗೆ ಒಂದು ವಿಷಯ ಹೊಳೆಯಿತು. ಭಾವ ಈ ದೇಶಕ್ಕೆ ಬಂದಿದ್ದು 1999ರಲ್ಲಿ. ಮೂರು ಜನ ಹುಡುಗರು ಒಂದು ಅಪಾರ್ಟ್‌ಮೆಂಟ್, ಎಚ್‌ಬಿಒಗೆ ಬೇರೆ ದುಡ್ಡು ಕಟ್ಟಬೇಕು ಅಂತ ಮೂವರೂ ಹಂಚಿಕೊಂಡಿದ್ದರಂತೆ. ಭಾನುವಾರ ರಾತ್ರಿ ಒಂಬತ್ತಾದರೆ ಅನ್ನ ಸಾರಿನ ತಟ್ಟೆ ಹಿಡಿದು ಟಿವಿ ಮುಂದೆ. ಮದುವೆಯಾದರು, ಅಕ್ಕ ಬಂದಳು, ಮಗು ಹುಟ್ಟಿತು, ನಡುನಡುವೆ ಸೀರಿಯಲ್ ನಿಂತು ಮತ್ತೆ ಶುರುವಾಯಿತು. ಎಂಟು ವರ್ಷ ಟೋನಿ ಅವರ ಮನೆಗೆ ಬಂದು ಹೋದ. ನಾನು 86 ಕಂತನ್ನು ನಲವತ್ತು ದಿನದಲ್ಲಿ ಮುಗಿಸಿದವನು. ನನಗೆ ಅದು ಕೇಸ್ ಫೈಲು, ಸುಳಿವು ಹುಡುಕುತ್ತೇನೆ. ಅವರಿಗೆ ಅದು ಪರಿಚಯದ ಮನೆಯ ಸುದ್ದಿ. ಹೆಣ ನೋಡುವ ತನಕ ಯಾರು ತಾನೇ ಒಪ್ಪುತ್ತಾರೆ? ಸತ್ತ ಅನ್ನುವವರಲ್ಲಿ ನನ್ನ ಹಾಗೆ ಒಂದೇ ಉಸಿರಿಗೆ ನೋಡಿದವರು ಜಾಸ್ತಿ, ಬದುಕಿದ್ದಾನೆ ಅನ್ನುವವರಲ್ಲಿ ವಾರ ವಾರ ಕಾದವರು ಜಾಸ್ತಿ ಅಂತ ನನ್ನ ಅನುಮಾನ. ಟೋನಿಯಾಗಿದ್ದ ಜೇಮ್ಸ್ ಗ್ಯಾಂಡೊಲ್ಫಿನಿ 2013ರ ಜೂನ್‌ನಲ್ಲಿ ರೋಮ್‌ನಲ್ಲಿ ತೀರಿಕೊಂಡರು, ಬರೀ 51 ವರ್ಷ. ಅವತ್ತು ಭಾವ ಆಫೀಸಿನಿಂದ ಬೇಗ ಮನೆಗೆ ಬಂದಿದ್ದರಂತೆ. ಇದನ್ನು ಹೇಳಿದ್ದು ಅಕ್ಕ, ಭಾವ ಅಲ್ಲ.

ಒಂದು ದೂರು ನನಗೂ ಇದೆ. ಪರದೆ ಮೇಲೆ 'ಶುಭಂ' ಅಂತ ಬೀಳುವುದನ್ನು ನೋಡಿ ಬೆಳೆದವನು ನಾನು. ಕಪ್ಪು ಬಿದ್ದಾಗ ಮೋಸ ಹೋದೆ ಅನ್ನಿಸಿದ್ದು ನಿಜ, ಎರಡು ದಿನ ಸಿಟ್ಟಿತ್ತು. ಇದೇ ಸೀರಿಯಲ್ 2001ರಲ್ಲಿ ಒಬ್ಬ ರಷ್ಯದವನನ್ನು ಹಿಮದ ಕಾಡಿನಲ್ಲಿ ಓಡಿಸಿ, ಅವನು ಏನಾದ ಅಂತ ಕೊನೆಗೂ ಹೇಳಲಿಲ್ಲ. ಅವತ್ತೇ ಎಚ್ಚರಿಕೆ ಕೊಟ್ಟಿದ್ದರು, ನಾವು ಗಮನಿಸಲಿಲ್ಲ.

ಹೋಟೆಲಿಗೆ ಬರೋಣ. ಐಸ್‌ಕ್ರೀಮಿಗೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಿ. ಅದೂ ಅವರದೇ ತಯಾರಿ, ಹಾಲಿನ ರುಚಿ ಚೆನ್ನಾಗಿ ಗೊತ್ತಾಗುತ್ತದೆ. ಮಾಂಸ ತಿನ್ನದವರಿಗೆ ಗ್ರಿಲ್ಡ್ ಚೀಸ್ ಇದೆ, ಅಕ್ಕ ಅದನ್ನೇ ತಿಂದಳು. ಊರಿಗೆ ಒಯ್ಯೋಕೆ ಒಂದು ಡಬ್ಬ ಚಾಕೊಲೇಟ್ ಕೊಂಡೆ, ಮೈಸೂರು ತಲುಪಿದ್ದು ಅರ್ಧ ಡಬ್ಬ. ಇದೇ ಊರಿನ ಕೌನ್ಸಿಲ್ 2007ರಲ್ಲಿ ಇಟಾಲಿಯನ್ನರಿಗೆ ಕೆಟ್ಟ ಹೆಸರು ಅಂತ ಮೊದಲು ಶೂಟಿಂಗಿಗೇ ಒಪ್ಪಿರಲಿಲ್ಲ, ಆಮೇಲೆ ಮನಸ್ಸು ಬದಲಾಯಿಸಿತು. ಇವತ್ತು ಆ ದೃಶ್ಯದ ಹೆಸರಲ್ಲಿ ಬರುವ ಜನ ನೋಡಿದರೆ ನಗು ಬರುತ್ತದೆ. ನಾವು ಕೂತಿದ್ದಷ್ಟು ಹೊತ್ತು ಒಂದು ತಮಾಷೆ ಗಮನಿಸಿದೆ. ಬಾಗಿಲು ತೆರೆದಾಗಲೆಲ್ಲ ಹಲವು ಮೇಜುಗಳಲ್ಲಿ ತಲೆ ಮೇಲಕ್ಕೆ ಏಳುತ್ತಿತ್ತು. ಯಾರು ಸೀರಿಯಲ್ ನೋಡಿದವರು, ಯಾರು ಬರೀ ಐಸ್‌ಕ್ರೀಮಿಗೆ ಬಂದವರು ಅಂತ ಅದರಲ್ಲೇ ಹೇಳಿಬಿಡಬಹುದಿತ್ತು.

ಬಿಲ್ ಬಂತು. ನಾನು ಕೊಡ್ತೀನಿ, ನೀನು ಅತಿಥಿ ಸುಮ್ನಿರು, ಅಂತ ನಾನೂ ಭಾವನೂ ಚೀಟಿ ಎಳೆದಾಡುತ್ತಿದ್ದೆವು. ಅಷ್ಟು ಹೊತ್ತೂ ಸೊಪ್ರಾನೋ ವಿಷಯಕ್ಕೆ ತಲೆಯೇ ಹಾಕದಿದ್ದ ಅಕ್ಕ ಒಂದು ಪ್ರಶ್ನೆ ಕೇಳಿದಳು.

"ಅದಿರಲಿ, ಅವತ್ತು ಅವರು ಈರುಳ್ಳಿ ತಿಂದ್ರಲ್ಲ, ದುಡ್ಡು ಯಾರು ಕೊಟ್ರು?"

ಭಾವ ಒಂದು ಗಳಿಗೆ ಯೋಚಿಸಿ, "ಟೋನಿನೇ ಕೊಟ್ಟಿರ್ತಾನೆ" ಅಂದರು. "ಕೊಟ್ಟಿರೋಕೆ ಸಾಧ್ಯವೇ ಇಲ್ಲ ಭಾವ" ಅಂದೆ ನಾನು. ಮತ್ತೆ ಮೊದಲಿಂದ ಶುರುವಾಯಿತು. ಆ ಗಲಾಟೆಯಲ್ಲಿ ಅಕ್ಕ ಎದ್ದು ಹೋಗಿ ಬಿಲ್ ಕಟ್ಟಿ ಬಂದಿದ್ದು ನಮಗೆ ಗೊತ್ತಾಗಿದ್ದು ಕಾರಿನ ಹತ್ತಿರ ಬಂದ ಮೇಲೆ.