ಎರಡೂವರೆ ವರ್ಷ, 22,000 ಕಿಲೋಮೀಟರ್: ಇಬ್ರು ಕೂತು ಓಡ್ಸಿರೋ ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ

ಸ್ಕೂಟರ್ ತಗೋಬೇಕು ಅಂತ ಓಡಾಡ್ತಿದ್ದಾಗ ನಾವಿಬ್ರೂ ನೋಡದೇ ಇರೋ ವಿಡಿಯೋ ಇಲ್ಲ, ಓದದೇ ಇರೋ ರಿವ್ಯೂ ಇಲ್ಲ. ಎಲ್ಲಾದ್ರಲ್ಲೂ ಒಬ್ರೇ ಹೆಲ್ಮೆಟ್ ಹಾಕ್ಕೊಂಡು ಖಾಲಿ ರೋಡಲ್ಲಿ ಓಡ್ಸಿ ಪಿಕಪ್ ಹಿಂಗಿದೆ ರೇಂಜ್ ಹಂಗಿದೆ ಅಂತಿದ್ರು. ಹಿಂದೆ ಒಬ್ರನ್ನ ಕೂರಿಸ್ಕೊಂಡು, ಮುಂದೆ ಕೊಕ್ಕೆಗೆ ತರಕಾರಿ ಚೀಲ ನೇತಾಕ್ಕೊಂಡು, ಸಂಜೆ ಏಳು ಗಂಟೆ ಟ್ರಾಫಿಕ್ಕಲ್ಲಿ ಬನಶಂಕರಿ ಕಡೆ ಬರೋರಿಗೆ ಹೆಂಗಿರುತ್ತೆ ಅಂತ ಒಬ್ರೂ ಹೇಳ್ಲಿಲ್ಲ. ಅದಕ್ಕೇ ಇದನ್ನ ಬರೀತಿದೀನಿ. ಕಂಪನಿ ಹೆಸರು ಹಾಕ್ತಿಲ್ಲ, ಸುಮಾರು 3 ಯೂನಿಟ್ (ಕಿಲೋವ್ಯಾಟ್ ಅವರ್) ಬ್ಯಾಟರಿ ಇರೋ, ಬ್ಯಾಟರಿ ಬಿಚ್ಚಕ್ಕಾಗದೇ ಇರೋ ಯಾವ ಗಾಡಿಗಾದ್ರೂ ಇದ್ರಲ್ಲಿ ಮುಕ್ಕಾಲು ಭಾಗ ಹೊಂದುತ್ತೆ.

ತಗೊಂಡಿದ್ದು 2023ರ ಮೇ ಕೊನೇಲಿ. ಜೂನ್ 1ರಿಂದ ಎಲೆಕ್ಟ್ರಿಕ್ ಗಾಡಿಗೆ ಕೇಂದ್ರ ಕೊಡ್ತಿದ್ದ ಫೇಮ್-2 ಸಬ್ಸಿಡಿ ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್‌ಗೆ 15,000 ಇದ್ದಿದ್ದು 10,000ಕ್ಕೆ ಇಳಿಯುತ್ತೆ, ಅದೂ ಗಾಡಿ ಬೆಲೇಲಿ ನೂರಕ್ಕೆ 15ಕ್ಕಿಂತ ಜಾಸ್ತಿ ಸಿಗಲ್ಲ ಅಂತ ಸುದ್ದಿ ಬಂದಿತ್ತು. ಮದ್ವೆ ಆಗಿ ಆಗ ನಾಲ್ಕೇ ತಿಂಗಳು. ಇಬ್ರ ಉಳಿತಾಯನೂ ಸೇರ್ಸಿ ತಗೊಂಡ ಮೊದಲನೇ ದೊಡ್ಡ ವಸ್ತು ಇದೇ. ಮನೆ ಬನಶಂಕರಿ ಎರಡನೇ ಹಂತದಲ್ಲಿ, ಬಾಡಿಗೆ, ಎರಡನೇ ಮಹಡಿ. ನಮ್ಮವ್ರ ಕೆಲ್ಸ ಜಯನಗರದಲ್ಲಿ, ನಂದು ಎಲೆಕ್ಟ್ರಾನಿಕ್ ಸಿಟೀಲಿ. ಹಂಗಾಗಿ ಹಗಲು ಗಾಡಿ ನಂದು, ಸಂಜೆ ಮೇಲೆ ಇಬ್ರದ್ದು.

ಮೊದಲು ಚಾರ್ಜಿಂಗ್ ವಿಷ್ಯ, ಯಾಕಂದ್ರೆ ಬಾಡಿಗೆ ಮನೆಯವ್ರಿಗೆ ಎಲ್ಲಾದ್ಕಿಂತ ದೊಡ್ಡ ತಲೆನೋವು ಇದೇ. ಮೊದ್ಲು ಹದಿನೈದು ದಿನ ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಶನ್ ವೈರ್ ಕೆಳಗೆ ಬಿಟ್ಟು ಚಾರ್ಜ್ ಮಾಡಿದ್ವಿ. ಒಂದಿನ ರಾತ್ರಿ ವೈರ್ ಮುಟ್ಟಿ ನೋಡಿದ್ರೆ ಬಿಸಿ ಬಿಸಿ, ಪ್ಲಗ್ ಹತ್ರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಆವತ್ತೇ ನಿಲ್ಸಿಬಿಟ್ವಿ. ಓನರ್ ಆಂಟಿ ಹತ್ರ ಹೋಗಿ ಕೂತು ಮಾತಾಡಿ, ಕೆಳಗಿರೋ ನಮ್ಮ ಮೀಟರಿಂದಾನೇ ಬೇರೆ ಲೈನ್ ಎಳೆಸಿ, 15 ಆಂಪ್ಸ್ ಸಾಕೆಟ್ಟು, ಅದಕ್ಕೊಂದು ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು), ಅರ್ಥಿಂಗ್ ಸರಿ ಇದ್ಯಾ ಅಂತ ಚೆಕ್ ಮಾಡ್ಸೋದು, ಎಲ್ಲಾ ಸೇರಿ ನಾಲ್ಕೂವರೆ ಸಾವಿರ ಆಯ್ತು. ನೀವು ಗಾಡಿ ಬುಕ್ ಮಾಡೋಕೆ ಮುಂಚೇನೇ ಓನರ್ ಹತ್ರ ಕೇಳ್ಕೊಳ್ಳಿ, ಆಮೇಲೆ ಕೇಳಿದ್ರೆ ಅವ್ರಿಗೂ ಮುಜುಗರ ನಿಮ್ಗೂ ಮುಜುಗರ.

ಇನ್ನು ಗೃಹಜ್ಯೋತಿ. 200 ಯೂನಿಟ್ ತನಕ ಫ್ರೀ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಆದ್ರೆ 2023ರಲ್ಲಿ ಶುರುವಾದಾಗ ಫ್ರೀ ಸಿಗ್ತಿದ್ದಿದ್ದು ನಿಮ್ಮ ಮೀಟರ್‌ದು 2022-23ರ ಸರಾಸರಿ ಎಷ್ಟಿತ್ತೋ ಅದ್ರ ಮೇಲೆ ಶೇಕಡಾ 10 ಸೇರ್ಸಿ ಅಷ್ಟೇ. ಅದಕ್ಕಿಂತ ಮೇಲೆ ಉರ್ಸಿದ್ದಕ್ಕೆ ದುಡ್ಡು ಕಟ್ಬೇಕು, 200 ದಾಟಿದ್ರೆ ಪೂರ್ತಿ ಬಿಲ್ಲೂ ನಮ್ದೇ. ನಮ್ಮ ಮೀಟರ್‌ಗೆ ಬಂದಿದ್ದು 98 ಯೂನಿಟ್. ಇಬ್ರೇ ಇರೋ ಮನೆ, ತಿಂಗಳಿಗೆ 70-75 ಆಗ್ತಿತ್ತು, ಸ್ಕೂಟರ್‌ದು ಇನ್ನೊಂದು 30 ಸೇರಿ ಸುಮಾರು 105ಕ್ಕೆ ನಿಂತಿತು. ಅಂದ್ರೆ ಮೇಲಿನ ಏಳೆಂಟು ಯೂನಿಟ್‌ಗೆ ಮಾತ್ರ ದುಡ್ಡು. ಪೂರ್ತಿ ಚಾರ್ಜಿಗೆ ದುಡ್ಡು ಕೊಟ್ರೂ ಒಂದ್ಸಲಕ್ಕೆ ಮೂರೂವರೆ ಯೂನಿಟ್ ಒಳಗೆ, ಇಪ್ಪತ್ತೈದು ರೂಪಾಯಿ ಆಗುತ್ತೆ ಅಷ್ಟೇ. ಲೀಟರ್ ಪೆಟ್ರೋಲ್ ನೂರರ ಮೇಲಿರೋ ಊರಲ್ಲಿ ಇದ್ರ ಬಗ್ಗೆ ಇನ್ನೇನೂ ಹೇಳ್ಬೇಕಾಗಿಲ್ಲ.

ಈಗ ಹಿಂದಿನ ಸೀಟು. ಗಾಡಿ ಓಡ್ಸುವಾಗ ನಂಗೆ ಗೊತ್ತಾಗದೇ ಇದ್ದಿದ್ದೆಲ್ಲ ಹಿಂದೆ ಕೂತಾಗ ಗೊತ್ತಾಯ್ತು. ಸೀಟು ಸ್ವಲ್ಪ ಮುಂದಕ್ಕೆ ಇಳಿಜಾರು, ಪ್ರತಿ ಬ್ರೇಕಿಗೂ ಜಾರ್ಕೊಂಡು ಹೋಗಿ ಮುಂದೆ ಇರೋರ ಬೆನ್ನಿಗೆ ಒತ್ತುತ್ತೀವಿ, ಅವ್ರು ಹ್ಯಾಂಡಲ್ ಕಡೆಗೆ ಸರೀತಾರೆ, ಅರ್ಧ ಗಂಟೇಲಿ ಇಬ್ರಿಗೂ ಸೊಂಟ ನೋವು. ಅದಕ್ಕಿಂತ ಹೆಚ್ಚು ಕಾಟ ಕೊಟ್ಟಿದ್ದು ರೀಜೆನ್. ಆಕ್ಸಿಲರೇಟರ್ ಬಿಟ್ಟ ತಕ್ಷಣ ಮೋಟಾರು ತಾನೇ ಗಾಡಿ ಹಿಡಿದು ಆ ಶಕ್ತೀನ ಬ್ಯಾಟರಿಗೆ ವಾಪಸ್ ಹಾಕುತ್ತಲ್ಲ, ಓಡ್ಸೋರಿಗೆ ಅದು ಅಂದಾಜಿರುತ್ತೆ, ಹಿಂದೆ ಕೂತೋರಿಗೆ ಇರಲ್ಲ. ಮೊದಲನೇ ತಿಂಗಳು ಪ್ರತಿ ಸಿಗ್ನಲ್ಲಲ್ಲೂ ನನ್ನ ಹೆಲ್ಮೆಟ್ ಹೋಗಿ ಅವ್ರ ಹೆಲ್ಮೆಟ್‌ಗೆ ಟಕ್ ಅಂತ ಹೊಡೀತಿತ್ತು. ಇಬ್ರ ಹೆಲ್ಮೆಟ್ ಮೇಲೂ ಆ ಗೀರು ಇನ್ನೂ ಇದೆ, ನಂದ್ರಲ್ಲಿ ಹಣೆ ಹತ್ರ, ಅವ್ರದ್ರಲ್ಲಿ ಹಿಂಭಾಗದಲ್ಲಿ. ಸೆಟ್ಟಿಂಗ್ಸಲ್ಲಿ ರೀಜೆನ್ ಕಮ್ಮಿ ಮಾಡ್ಬೋದು ಅಂತ ಎರಡು ತಿಂಗಳಾದ್ಮೇಲೆ ಗೊತ್ತಾಯ್ತು. ಇಬ್ರು ಓಡಾಡೋ ಹಾಗಿದ್ರೆ ಮೊದಲನೇ ದಿನಾನೇ ಕಮ್ಮಿ ಇಟ್ಕೊಳ್ಳಿ, ರೇಂಜಲ್ಲಿ ಒಂದೆರಡು ಕಿಲೋಮೀಟರ್ ಹೋಗುತ್ತೆ, ಹೋಗ್ಲಿ.

ಸೀಟ್ ಕೆಳಗಿನ ಜಾಗ ದೊಡ್ಡದು ಅಂತಾರೆ, ಅದ್ರಲ್ಲಿ ಹಿಡಿಯೋದು ಒಂದೇ ಹೆಲ್ಮೆಟ್ಟು. ಇನ್ನೊಂದನ್ನ ಕೈಯಲ್ಲೇ ಹಿಡ್ಕೊಂಡು ಓಡಾಡ್ಬೇಕು. ಗಾಂಧಿ ಬಜಾರಲ್ಲಿ ಹೂವು ಕೊಳ್ಳುವಾಗ್ಲೂ, ವಿದ್ಯಾರ್ಥಿ ಭವನದ ಮುಂದೆ ಹೆಸರು ಬರ್ಸಿ ಕಾಯುವಾಗ್ಲೂ ಹೆಲ್ಮೆಟ್ ಕೈಯಲ್ಲೇ. ಸೀರೆ ಗಾರ್ಡ್ ಚೆನ್ನಾಗಿದೆ, ಹಬ್ಬದ ದಿನ ಸೀರೆ ಉಟ್ಕೊಂಡು ಒಂದೇ ಕಡೆ ಕಾಲು ಹಾಕಿ ಕೂತ್ರೂ ಭಯ ಇಲ್ಲ.

ಆದ್ರೆ ಒಂದು ವಿಷ್ಯ ಇದೆ, ಇಷ್ಟು ದೂರ ಬರೆದಿದ್ದೇ ಅದನ್ನ ಹೇಳಕ್ಕೆ. ಈ ಗಾಡೀಲಿ ಮಾತಾಡ್ಬೋದು. ಇದಕ್ಕೆ ಮುಂಚೆ ನಮ್ಮವ್ರ ಅಣ್ಣನ ಹಳೇ ಪೆಟ್ರೋಲ್ ಸ್ಕೂಟರ್ ಇತ್ತು, ಅದ್ರ ಮೇಲೆ ಒಂದು ಮಾತು ಹೇಳ್ಬೇಕಂದ್ರೆ ಕಿರುಚ್ಬೇಕು, "ಏನು?" ಅಂತ ಎರಡು ಸಲ ಕೇಳ್ತಾರೆ, ಮೂರನೇ ಸಲಕ್ಕೆ ನಂಗೇ ಬೇಡ ಅನ್ಸೋದು. ಇದ್ರಲ್ಲಿ ಮೋಟಾರಿಂದ ಸಣ್ಣಗೆ ಒಂದು ಶಬ್ದ ಬರುತ್ತೆ ಅಷ್ಟೇ. ಒಳರಸ್ತೇಲಿ ಮೂವತ್ತರಲ್ಲಿ ಹೋಗ್ತಾ ಹೆಲ್ಮೆಟ್ ಗಾಜು ಮೇಲೆತ್ತಿದ್ರೆ ಮನೇಲಿ ಕೂತು ಮಾತಾಡಿದ ಹಾಗೇ. ನಾವಿಬ್ರೂ ಮನೆ ಸೇರೋದು ಎಂಟು ಗಂಟೆ, ಅಡುಗೆ ಊಟ ಫೋನು ಅಂತ ಹತ್ತೂವರೆ ಆಗೋಗುತ್ತೆ. ದಿನದ್ದೆಲ್ಲಾ ಹೇಳ್ಕೊಳ್ಳೋದು ಜಯನಗರದಿಂದ ಮನೆಗೆ ಬರೋ ಆ ಇಪ್ಪತ್ತು ನಿಮಿಷದಲ್ಲೇ. ನಮ್ಮಪ್ಪಂಗೆ ಆಪರೇಷನ್ ಅಂತ ಡಾಕ್ಟ್ರು ಹೇಳಿದ್ದನ್ನ ನಾನು ಅವ್ರಿಗೆ ಹೇಳಿದ್ದು ಈ ಸೀಟ್ ಮೇಲೆ ಕೂತೇ. ಅವ್ರು ಏನೂ ಅನ್ಲಿಲ್ಲ, ಎಡಗೈ ಹಿಂದಕ್ಕೆ ತಂದು ನನ್ನ ಮೊಣಕಾಲ ಮೇಲೆ ಇಟ್ಟು, ಮನೆ ಕಡೆ ತಿರುವು ಬಿಟ್ಟು ಇನ್ನೊಂದು ಸುತ್ತು ಹಾಕ್ಸಿದ್ರು.

ರೇಂಜು. ಕಂಪನಿ ಹೇಳೋದು ನೂರರ ಮೇಲೆ. ಒಬ್ರೇ ಎಕೋ ಮೋಡಲ್ಲಿ ನಿಧಾನಕ್ಕೆ ಹೋದ್ರೆ 80-85 ಬರುತ್ತೆ, ಇಬ್ರು ಕೂತ್ರೆ 65. ಈ ಲೆಕ್ಕ ಸರಿಯಾಗಿ ಅರ್ಥ ಆಗಿದ್ದು ಬಿಡದಿಗೆ ಹೋದಾಗ. ಭಾನುವಾರ ಬೆಳಗ್ಗೆ ತಟ್ಟೆ ಇಡ್ಲಿ ತಿಂದ್ಕೊಂಡು ಬರೋಣ ಅಂತ 92 ಪರ್ಸೆಂಟಲ್ಲಿ ಹೊರಟ್ವಿ. 2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರಸ್ತೇಲಿ ಟೂ ವೀಲರ್ ಬಿಡಲ್ಲ, ಸರ್ವೀಸ್ ರೋಡೇ ಗತಿ. ಬೆಳಗ್ಗೆ ಖಾಲಿ ಇದೆ ಅಂತ ನಮ್ಮವ್ರು ಅರವತ್ತರ ಮೇಲೆ ಓಡ್ಸಿದ್ರು, ಬಿಡದಿ ಮುಟ್ಟೋ ಹೊತ್ತಿಗೆ 44 ಪರ್ಸೆಂಟ್. ಇಡ್ಲಿ ಬೆಣ್ಣೆ ಚಟ್ನಿ ತಿನ್ನುವಾಗ್ಲೂ ನನ್ನ ಕಣ್ಣು ಆ್ಯಪ್ ಮೇಲೇ. ವಾಪಸ್ ಕೆಂಗೇರಿಗೆ ಬಂದಾಗ 17 ಇತ್ತು, ಮನೆಗೆ ಇನ್ನೂ ಹದಿಮೂರು ಕಿಲೋಮೀಟರ್ ಹತ್ರ. ಇಬ್ರು ಕೂತ್ರೆ ಖಂಡಿತಾ ಸಾಲಲ್ಲ, ಒಬ್ರಾದ್ರೆ ಸಾಕಾಗ್ಬೋದು. "ನಾನು ಮೆಟ್ರೋದಲ್ಲಿ ಬರ್ತೀನಿ, ನೀವು ಉತ್ತರಹಳ್ಳಿ ರಸ್ತೇಲಿ ಮೂವತ್ತರಲ್ಲೇ ಹೋಗಿ" ಅಂದೆ. "ಒಬ್ಳನ್ನೇ ಹೆಂಗೆ ಬಿಟ್ಟು ಹೋಗ್ಲಿ ಕಣೇ" ಅಂತ ಐದು ನಿಮಿಷ ಅಲ್ಲೇ ನಿಂತ್ರು. ಕೊನೆಗೆ ನಾನು ಕೆಂಗೇರೀಲಿ ಹತ್ತಿ, ಮೆಜೆಸ್ಟಿಕ್ಕಲ್ಲಿ ಹಸಿರು ಲೈನ್ ಬದಲಾಯ್ಸಿ ಬನಶಂಕರೀಲಿ ಇಳಿದು ಹೊರಗೆ ಬಂದ್ರೆ, ಮೆಟ್ಟಿಲ ಹತ್ರ ಗಾಡಿ ನಿಲ್ಸ್ಕೊಂಡು ನಿಂತಿದ್ರು. ಮೀಟರಲ್ಲಿ 2 ಪರ್ಸೆಂಟ್. ಮನೆ ತನಕ ಇಬ್ರೂ ತಳ್ಕೊಂಡೇ ಹೋದ್ವಿ.

ಅಲ್ಲಿಂದ ಈಚೆಗೆ ಒಂದು ನಿಯಮ ಮಾಡ್ಕೊಂಡಿದೀವಿ. ಹೋಗಿ ಬರೋದು ಐವತ್ತು ಕಿಲೋಮೀಟರ್ ದಾಟಿದ್ರೆ ಬಸ್ಸು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಮೆಟ್ರೋ, ಅಲ್ಲಿ ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ. ಕಡಲೆಕಾಯಿ ಪರಿಷೆಗೆ ಗಾಡಿ ಎನ್.ಆರ್. ಕಾಲೊನಿ ಒಳಗೇ ಬಿಟ್ಟು ನಡೆಯೋದು, ಬರುವಾಗ ಕೊಕ್ಕೆಗೆ ಕಡಲೆಕಾಯಿ ಚೀಲ.

ಕೆಟ್ಟಿದ್ದು ಏನೇನು? ಸೈಡ್ ಸ್ಟ್ಯಾಂಡ್ ಸೆನ್ಸರ್. ಸ್ಟ್ಯಾಂಡ್ ತೆಗೆದಿದ್ರೂ ಮಳೇಲಿ ಕೆಸರು ಕೂತು ಸ್ಟ್ಯಾಂಡ್ ಹಾಕಿದೆ ಅಂತಾನೇ ತೋರ್ಸುತ್ತೆ, ಗಾಡಿ ಒಂದಿಂಚು ಅಲ್ಲಾಡಲ್ಲ. ಕಳೆದ ವರ್ಷ ರಂಗಶಂಕರದಲ್ಲಿ ನಾಟಕಕ್ಕೆ ಟಿಕೆಟ್ ತಗೊಂಡು ಹೊರಟಾಗ ಇದೇ ಆಯ್ತು. ಅಲ್ಲಿ ಏಳೂವರೆ ಅಂದ್ರೆ ಏಳೂವರೆ, ಆಮೇಲೆ ಯಾರನ್ನೂ ಒಳಗೆ ಬಿಡಲ್ಲ, ಅದು ಅಲ್ಲಿಗೆ ಹೋಗೋ ಎಲ್ರಿಗೂ ಗೊತ್ತು. ನಾವು ಮುಟ್ಟಿದಾಗ ಏಳು ಮೂವತ್ತೆಂಟು. ಮಾರನೇ ದಿನ ಸರ್ವೀಸ್ ಸೆಂಟರ್‌ಗೆ ಬಿಟ್ರೆ ಪಾರ್ಟ್ ಇಲ್ಲ ಅಂತ ಹನ್ನೊಂದು ದಿನ ಇಟ್ಕೊಂಡ್ರು, ಫೋನ್ ಮಾಡಿದ್ರೆ ಎತ್ತಲ್ಲ, ನಾನೇ ಎರಡು ಸಲ ಹೋಗಿ ನಿಂತು ಕೇಳ್ದೆ. ಈಗ ಮಳೆ ಬಂದ ದಿನ ಮನೆಗೆ ಬಂದ ತಕ್ಷಣ ಹಳೇ ಟೂತ್‌ಬ್ರಷ್ಷಲ್ಲಿ ಅಲ್ಲಿ ಉಜ್ಜಿ ಬಟ್ಟೇಲಿ ಒರೆಸ್ತೀನಿ, ಆಮೇಲಿಂದ ತೊಂದ್ರೆ ಆಗಿಲ್ಲ. ಉಳಿದಂಗೆ ಹಿಂದಿನ ಟೈರ್ 15,000ಕ್ಕೆ ಸವೆದೋಯ್ತು, ಎರಡು ಸಲ ಬ್ರೇಕ್ ಪ್ಯಾಡ್, ಅಷ್ಟೇ.

2025ರ ಆಗಸ್ಟಲ್ಲಿ ಹಳದಿ ಲೈನ್ ಶುರುವಾದ್ಮೇಲೆ ನಾನು ಎಲೆಕ್ಟ್ರಾನಿಕ್ ಸಿಟಿಗೆ ಆರ್.ವಿ. ರೋಡಿಂದ ಮೆಟ್ರೋದಲ್ಲೇ ಹೋಗ್ತಿದೀನಿ, ಸಿಲ್ಕ್ ಬೋರ್ಡ್ ಧೂಳು ತಪ್ಪಿತು. ದಿನ ಬಿಟ್ಟು ದಿನ ಚಾರ್ಜ್ ಹಾಕ್ತಿದ್ದಿದ್ದು ಈಗ ವಾರಕ್ಕೊಂದ್ಸಲ. ಗಾಡಿ ಮಾರಿಬಿಡೋಣ್ವಾ ಅಂತ ಒಂದಿನ ಅವ್ರು ಕೇಳಿದ್ರು. ಬೇಡ ಅಂದೆ. ಬೆಳಗ್ಗೆ ನನ್ನ ಸ್ಟೇಷನ್ನಿಗೆ ಬಿಟ್ಟು ಹೋಗ್ತಾರೆ, ಸಂಜೆ ಅಲ್ಲೇ ಬಂದು ಕರ್ಕೊಂಡು ಬರ್ತಾರೆ.

ಬ್ಯಾಟರಿ ವಾರಂಟಿ ಮೂರು ವರ್ಷ ಅಥವಾ 30,000 ಕಿಲೋಮೀಟರ್, ನಮ್ದು 2026ರ ಮೇ ಕೊನೆಗೆ ಮುಗಿಯುತ್ತೆ. ಹೊಸದರಲ್ಲಿ ಇಬ್ರು ಕೂತು 65 ಬರ್ತಿದ್ದಿದ್ದು ಈಗ 58-60ಕ್ಕೆ ಬಂದಿದೆ. ಮಾರ್ಚಲ್ಲೇ ತಗೊಂಡೋಗಿ ಬ್ಯಾಟರಿ ಹೆಲ್ತ್ ರಿಪೋರ್ಟ್ ಬರವಣಿಗೇಲಿ ಕೊಡಿ ಅಂತ ಕೇಳ್ಬೇಕು, ಅವ್ರೇನು ಕೊಡ್ತಾರೆ ಅಂತ ನೋಡ್ಕೊಂಡು ಇಲ್ಲೇ ಹಾಕ್ತೀನಿ. ಹೊಸದಾಗಿ ತಗೊಳ್ಳೋರು ಟೆಸ್ಟ್ ರೈಡ್‌ಗೆ ಇಬ್ರೂ ಹೋಗಿ, ಹೆಲ್ಮೆಟ್ ಎರಡೂ ತಗೊಂಡೋಗಿ, ಹಿಂದೆ ಕೂತೋರು ಇಳಿದ್ಮೇಲೆ ಹೇಳೋದನ್ನ ಮೊದ್ಲು ಕೇಳಿ.