ಅಡೆವಾಲೆಗಾಗಿ ಯಾವ ಗೇಮ್: ಬ್ಲ್ಯಾಕ್ ಫ್ಲ್ಯಾಗಾ, ಫ್ರೀಡಂ ಕ್ರೈಯಾ?

ಅಸ್ಯಾಸಿನ್ಸ್ ಕ್ರೀಡ್ ಸರಣಿಯ ಈ ಎರಡೂ ವಿಡಿಯೋ ಗೇಮ್‌ಗಳಲ್ಲಿ ಬರುವ ಅಡೆವಾಲೆಯ ಕಥೆ ಆಡೋಕೆ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಸಮಯ ಕಡಿಮೆಯಿದ್ದರೆ ಫ್ರೀಡಂ ಕ್ರೈ. ಒಂದು ವಾರಾಂತ್ಯದಲ್ಲೇ ಮುಗಿಯುತ್ತದೆ. ಬ್ಲ್ಯಾಕ್ ಫ್ಲ್ಯಾಗ್‌ಗೆ ವಾರಗಳೇ ಬೇಕು. ದ್ವೀಪ ಸುತ್ತಾಟ, ಹಡಗಿನ ಕಾಳಗ ಅಲ್ಲಿ ಜಾಸ್ತಿ. ಆದರೆ ಅಲ್ಲಿ ನಾಯಕ ಕಡಲ್ಗಳ್ಳ ಎಡ್ವರ್ಡ್. ಟ್ರಿನಿಡಾಡ್‌ನಲ್ಲಿ ಗುಲಾಮನಾಗಿ ಹುಟ್ಟಿದ ಅಡೆವಾಲೆ ಅವನ ಬಲಗೈ ಬಂಟ.

ಪಾತ್ರವೇ ಮುಖ್ಯ ಅಲ್ವಾ? ಹಾಗಾದರೆ ಫ್ರೀಡಂ ಕ್ರೈ ಬಿಡಬೇಡಿ. 1735ರ ಸೇಂಟ್ ಡೊಮಿಂಗ್, ಅಂದರೆ ಇಂದಿನ ಹೈಟಿ. ಅಡೆವಾಲೆಯ ಕೈಯಲ್ಲಿ ಮಚ್ಚು. ತೋಟಕ್ಕೆ ನುಸುಳುವಾಗ ಕಾವಲುಗಾರರ ಕಣ್ಣಿಗೆ ಬಿದ್ದರೆ, ಅವರು ಗುಲಾಮರನ್ನೇ ಕೊಲ್ಲತೊಡಗುತ್ತಾರೆ. ಸುಮ್ನೆ ನುಗ್ಗಿ ಹೊಡೆದಾಡೋಕೆ ಮನಸ್ಸೇ ಬರುವುದಿಲ್ಲ. ಒಂದೊಂದು ಹೆಜ್ಜೆಯೂ ಭಾರ.

ಬಿರುಗಾಳಿಯಲ್ಲಿ ಸ್ಪ್ಯಾನಿಷ್ ಸೆರೆಯಿಂದ ಎಡ್ವರ್ಡ್, ಅಡೆವಾಲೆ ಇಬ್ಬರೂ ತಪ್ಪಿಸಿಕೊಂಡು ಹಡಗು ಕದಿಯುವುದನ್ನು ನೋಡಬೇಕಾದರೆ ಮಾತ್ರ ಬ್ಲ್ಯಾಕ್ ಫ್ಲ್ಯಾಗ್ ಮೊದಲು ಆಡಿ.