ಚಕ್ರದ ಬೇರಿಂಗ್ ಬದಲಿಸಲು ಸುತ್ತಿಗೆಯೋ, ಪ್ರೆಸ್ಸೋ, ಪುಲ್ಲರ್ ಕಿಟ್ಟೋ?

ನನ್ನ ಹಳೆಯ ಹ್ಯಾಚ್‌ಬ್ಯಾಕ್ ಕಲಬುರಗಿ ಮತ್ತು ಸೇಡಂ ನಡುವೆ ಓಡಾಡುತ್ತದೆ. ಅದರ ಮುಂದಿನ ಎಡ ಚಕ್ರದ ಬೇರಿಂಗನ್ನು ಮೊದಲು ಸುತ್ತಿಗೆಯಿಂದ ಬಡಿದು ಕೂರಿಸಿದ್ದರು. ಸದ್ದು ಮರಳಿ ಬಂದಾಗ ಪ್ರೆಸ್‌ನಲ್ಲಿ ಒತ್ತಿಸಿದೆ. ಮುಂದೆ ಬಲ ಚಕ್ರದ ಸರದಿ ಬಂದಾಗ ತಿರುಪಿನ ಪುಲ್ಲರ್ ಕಿಟ್ ಬಳಸಿದೆವು. ಕಾರು ಒಂದೇ, ರಸ್ತೆ ಒಂದೇ. ಆದ್ದರಿಂದ ಮೂರು ವಿಧಾನಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮಾತನಾಡಬಹುದು.

ವಿಧಾನಕ್ಕಿಂತ ಮೊದಲು ಸದ್ದನ್ನು ಗುರುತಿಸಬೇಕು. ಗಂಟೆಗೆ 50 ಕಿಲೋಮೀಟರ್ ದಾಟಿದ ಕೂಡಲೇ ದೂರದ ಜೋಳದ ಗಿರಣಿಯಂತೆ ಗುಂಯ್‌ಗುಡುವ ಶಬ್ದ ಅದು. ವೇಗ ಹೆಚ್ಚಿದಷ್ಟೂ ಏರುತ್ತದೆ. ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿ ಚಕ್ರವನ್ನು ನೋಡುತ್ತಲೇ, "ಟೈರ್ ಬದಲಾಯಿಸಿ ಸಾಹೇಬರೇ, ಹೋಗುತ್ತದೆ" ಎಂದರು. ಟೈರಿನ ಸದ್ದು ರಸ್ತೆಯ ಮೈಗೆ ತಕ್ಕಂತೆ ಬದಲಾಗುತ್ತದೆ. ಕಾಂಕ್ರೀಟಿನ ಮೇಲೆ ಒಂದು ಬಗೆ, ಹೊಸ ಡಾಂಬರಿನ ಮೇಲೆ ಇನ್ನೊಂದು ಬಗೆ. ನನ್ನ ಕಾರಿನಲ್ಲಿ ಎರಡರ ಮೇಲೂ ಸದ್ದು ಒಂದೇ ಆಗಿತ್ತು. ಗೇರನ್ನು ನ್ಯೂಟ್ರಲ್‌ಗೆ ತಂದರೂ ತಗ್ಗಲಿಲ್ಲ, ಅಂದರೆ ಎಂಜಿನ್‌ನದೂ ಅಲ್ಲ.

ಯಾವ ಚಕ್ರದ್ದು ಎಂದು ತಿಳಿಯಲು ನಾಲ್ಕು ಪರೀಕ್ಷೆಗಳನ್ನು ಮಾಡಿ ನೋಡಿದೆ. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಬಲಕ್ಕೆ ವಾಲಿಸಿದರೆ ಭಾರ ಎಡ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಜೋರಾದರೆ ಸಂಶಯ ಎಡಗಡೆಯ ಮೇಲೆ. ಇದು ಒಳ್ಳೆಯ ಸುಳಿವು, ಆದರೆ ಪೂರ್ಣ ಸಾಕ್ಷಿಯಲ್ಲ. ಈ ಬೇರಿಂಗಿನಲ್ಲಿ ಗುಂಡುಗಳು ಎರಡು ಸಾಲು ಇರುತ್ತವೆ, ಯಾವ ಸಾಲು ಸವೆದಿದೆ ಎಂಬುದರ ಮೇಲೆ ಫಲಿತಾಂಶ ತಿರುವುಮುರುವಾಗುವುದೂ ಉಂಟು. ಚಕ್ರವನ್ನು ಜಾಕ್ ಮೇಲೆ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸುವುದು ಎಲ್ಲರೂ ಮಾಡುವ ಪರೀಕ್ಷೆ. ನನ್ನ ಎಡ ಚಕ್ರ ಅಷ್ಟು ಗುಡುಗುತ್ತಿದ್ದರೂ ಒಂದಿಷ್ಟೂ ಅಲ್ಲಾಡಲಿಲ್ಲ. ಬೇರಿಂಗ್ ಪೂರಾ ಹಾಳಾದ ಮೇಲಷ್ಟೇ ಸಡಿಲಿಕೆ ಕಾಣುವುದರಿಂದ, "ಅಲ್ಲಾಡುತ್ತಿಲ್ಲ, ಸರಿಯಾಗಿದೆ" ಎಂಬ ಮಾತನ್ನು ನಂಬಬಾರದು. ಮೆಕ್ಯಾನಿಕ್‌ಗಳ ಸ್ಟೆತಸ್ಕೋಪ್ ಕೂಡ ನನಗೆ ಹೆಚ್ಚು ನೆರವಾಗಲಿಲ್ಲ. ಎತ್ತಿದ ಚಕ್ರದ ಮೇಲೆ ಭಾರವಿಲ್ಲದ ಕಾರಣ ಶಬ್ದ ಅಡಗಿಬಿಡುತ್ತದೆ. ಗೆದ್ದದ್ದು ಅತಿ ಸರಳವಾದದ್ದು: ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಡುವುದು. ಕೆಟ್ಟ ಬೇರಿಂಗಿನ ಜುಮುಜುಮು ಬೆರಳಿಗೆ ನೇರವಾಗಿ ತಾಗುತ್ತದೆ. ಇನ್ನೊಂದು ಬದಿಯ ಸ್ಪ್ರಿಂಗನ್ನೂ ಮುಟ್ಟಿ ನೋಡಿದರೆ ವ್ಯತ್ಯಾಸ ಕ್ಷಣದಲ್ಲಿ ತಿಳಿಯುತ್ತದೆ.

ಈಗ ಸುತ್ತಿಗೆಯ ವಿಷಯ. ಅಗ್ಗ, ಬೇಗ ಮುಗಿಯುತ್ತದೆ, ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ಹಳೆಯ ಬೇರಿಂಗನ್ನು ಬಡಿದು ಹೊರದಬ್ಬುವುದಕ್ಕೆ ನನ್ನ ಆಕ್ಷೇಪವಿಲ್ಲ, ಅದು ಹೇಗೂ ಗುಜರಿಗೆ ಹೋಗುವ ವಸ್ತು. ಆದರೆ ಹೊಸದನ್ನು ಬಡಿದು ಕೂರಿಸಿದರೆ ಪ್ರತಿ ಏಟೂ ಗುಂಡುಗಳ ಮೂಲಕ ಅವು ಓಡುವ ಹಾದಿಗೆ ತಗಲುತ್ತದೆ. ನನ್ನ ಕಾರು ಗ್ಯಾರೇಜಿನಿಂದ ಹೊರಬಂದಾಗ ನಿಶ್ಶಬ್ದವಾಗಿತ್ತು. ಬೇಸಿಗೆ ಕಳೆದು ಮಳೆ ಹಿಡಿಯುವಷ್ಟರಲ್ಲಿ ಅದೇ ಶಬ್ದ, ಅದೇ ಬದಿಯಲ್ಲಿ. ಆ ಬೇರಿಂಗಿನ ಹೊರ ಉಂಗುರವನ್ನು ಗ್ರೈಂಡರ್‌ನಿಂದ ಸೀಳಿಸಿ ನೋಡಿದೆ: ಗುಂಡುಗಳು ಎಷ್ಟು ದೂರದಲ್ಲಿದ್ದವೋ ಅಷ್ಟಷ್ಟೇ ದೂರಕ್ಕೆ ಒಂದೊಂದು ಸಣ್ಣ ತಗ್ಗು, ಸಾಲಾಗಿ. ಬೇರಿಂಗ್ ಹೆಸರಾಂತ ಕಂಪನಿಯದು, ಅಸಲಿ ಮಾಲು. ಅದು ಕೆಟ್ಟದ್ದು ಓಡಿ ಅಲ್ಲ, ಏಟು ತಿಂದು. ಇದು ನನಗೆ ನಿಜವಾಗಿ ನೋವಾದ ಸಂಗತಿ.

ಕಪನೂರು ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದರ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಎರಡನೆಯ ಸಲದ ಕೆಲಸ ನಡೆಯಿತು. ಇದಕ್ಕೆ ನಕಲ್, ಅಂದರೆ ಬೇರಿಂಗ್ ಕೂರುವ ಲೋಹದ ಗೂಡು, ಪೂರ್ತಿ ಕಳಚಬೇಕು: ಆಕ್ಸಲ್ ನಟ್, ಬ್ರೇಕ್ ಕ್ಯಾಲಿಪರ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಸೆನ್ಸರ್, ಬಾಲ್ ಜಾಯಿಂಟ್, ಟೈರಾಡ್ ತುದಿ, ಸ್ಟ್ರಟ್ ಬೋಲ್ಟ್. ಕ್ಯಾಲಿಪರನ್ನು ಅದರ ರಬ್ಬರ್ ಪೈಪಿನಿಂದ ಜೋತುಬಿಡದೆ ತಂತಿಯಿಂದ ಕಟ್ಟಬೇಕು. ಅರ್ಧ ದಿನ ಹಿಡಿಯುತ್ತದೆ. ಪ್ರೆಸ್ ನಡೆಸಿದವರ ಕೈಚಳಕ ನೋಡಬೇಕಿತ್ತು. ಬೇರಿಂಗನ್ನು ನಕಲ್‌ಗೆ ಒತ್ತುವಾಗ ಭಾರ ಹೊರ ಉಂಗುರದ ಮೇಲೆ ಮಾತ್ರ ಬೀಳುವಂತೆ ಅಳತೆಯ ಬಳೆ ಇಟ್ಟರು. ಆಮೇಲೆ ಹಬ್ (ಚಕ್ರವನ್ನು ಬಿಗಿಯುವ ನಡುವಿನ ತುಂಡು) ಒತ್ತುವಾಗ ಒಳ ಉಂಗುರಕ್ಕೆ ಕೆಳಗಿನಿಂದ ಆಸರೆ ಕೊಟ್ಟರು. ಹಾಗೆ ಮಾಡಿದರೆ ಗುಂಡುಗಳಿಗೆ ಒತ್ತಡವೇ ತಾಗುವುದಿಲ್ಲ. ಸುತ್ತಿಗೆಗೂ ಪ್ರೆಸ್‌ಗೂ ಇರುವ ವ್ಯತ್ಯಾಸವೆಲ್ಲ ಇಲ್ಲಿದೆ. ಅವರು ಪಡೆದ ಹಣ ಬೇರಿಂಗ್ ಬೆಲೆಯ ಸಣ್ಣ ಪಾಲು. ಸ್ಟ್ರಟ್ ಬೋಲ್ಟ್ ಬಿಚ್ಚಿದ್ದರಿಂದ ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಬೇಕಾಯಿತು, ಅದು ಹೆಚ್ಚುವರಿ ಖರ್ಚು.

ಗೆಳೆಯನ ಪುಲ್ಲರ್ ಕಿಟ್ಟಿನಲ್ಲಿ ಆ ಖರ್ಚಿಲ್ಲ. ನಕಲ್ ಕಾರಿನಲ್ಲೇ ಇರುತ್ತದೆ, ಉದ್ದನೆಯ ತಿರುಪು ಬೇರಿಂಗನ್ನು ಎಳೆದು ಕೂರಿಸುತ್ತದೆ. ಕಷ್ಟವೆಂದರೆ ತೋಳಿನ ಶ್ರಮ ಮತ್ತು ತಾಳ್ಮೆ: ಎಳೆಗಳಿಗೆ ಗ್ರೀಸ್ ಹಚ್ಚಿರಬೇಕು, ಬೇರಿಂಗ್ ಓರೆಯಾದರೆ ಕೂಡಲೇ ಹಿಂದೆಗೆದು ಮತ್ತೆ ಶುರು ಮಾಡಬೇಕು. ಕರಾವಳಿಯಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದು ಬೆಸೆದುಕೊಂಡ ನಕಲ್‌ಗಳ ಮುಂದೆ ಈ ಕಿಟ್ ಸೋಲಬಹುದು. ನಮ್ಮ ಒಣ ಸೀಮೆಯಲ್ಲಿ ಸರಾಗವಾಗಿ ಬಂತು. ಇನ್ನೊಂದು ಅನುಕೂಲವನ್ನು ನಮ್ಮ ಬಿಸಿಲೇ ಒದಗಿಸಿತು. ಹೊಸ ಬೇರಿಂಗನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟಿದ್ದೆವು. ಮೇ ತಿಂಗಳ ಮಧ್ಯಾಹ್ನ ನಕಲ್ ಮುಟ್ಟಲಾರದಷ್ಟು ಕಾದಿತ್ತು. ಒಂದು ಕುಗ್ಗಿ ಇನ್ನೊಂದು ಹಿಗ್ಗಿದ್ದರಿಂದ ಮೊದಲ ಹಂತ ಬಹಳ ಹಗುರವಾಯಿತು.

ಯಾವ ವಿಧಾನವಾದರೂ ಎರಡು ಎಚ್ಚರಿಕೆ ಬೇಕು. ಎಬಿಎಸ್ ಇರುವ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಮುಖದಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಮುಖ ಸೆನ್ಸರ್ ಕಡೆಗೇ ಇರಬೇಕು, ತಿರುಗಾಮುರುಗಾ ಆದರೆ ಎಚ್ಚರಿಕೆ ದೀಪ ಆರುವುದಿಲ್ಲ. ಆಕ್ಸಲ್ ನಟ್ ಹೊಸದಿರಲಿ, ಅದನ್ನು ಕೈಪಿಡಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಲಿ. ನಟ್ ಸಡಿಲವಿರುವಾಗ ಕಾರನ್ನು ನೆಲದ ಮೇಲೆ ಉರುಳಿಸಿದರೂ ಹೊಸ ಬೇರಿಂಗ್ ಹಾಳಾಗಬಹುದು.

ನನ್ನ ಕಾರಿನ ಹಿಂದಿನ ಹಬ್ ಬೋಲ್ಟ್‌ಗಳಿಂದ ಕೂರುವ ಇಡೀ ಘಟಕ, ಅದನ್ನು ಯಾವ ಗ್ಯಾರೇಜಿನಲ್ಲಾದರೂ ನೆಮ್ಮದಿಯಿಂದ ಕೊಡಬಹುದು. ಮುಂದಿನದಕ್ಕೆ, ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ ಕೆಲಸವೂ ಜೊತೆಗಿದ್ದರೆ ನಕಲ್ ಹೇಗೂ ಕಳಚಬೇಕಲ್ಲ, ಆಗ ಕಪನೂರಿನ ಪ್ರೆಸ್‌ಗೆ ಒಯ್ಯುತ್ತೇನೆ. ಬರೀ ಬೇರಿಂಗ್ ಆದರೆ ಗೆಳೆಯನ ಕಿಟ್ ಕೇಳಿ ತರುತ್ತೇನೆ. ಸುತ್ತಿಗೆ ಹಿಡಿದವರ ಕೈಗೆ ಹೊಸ ಬೇರಿಂಗ್ ಕೊಡುವುದಿಲ್ಲ.